ಬಡಾವಣೆಯಿಂದ ಮಾಲ್‌ವರೆಗೆ ನಡೆದು ಹೋಗಲು ಯಾವ ದಾರಿ ಕೇಳಬೇಕು? ಗೇಟು, ಫುಟ್‌ಪಾತ್, ಕ್ರಾಸಿಂಗ್, ಸ್ಕೈವಾಕ್‌ಗಳ ಹೋಲಿಕೆ

ಟೆರೇಸಿನಲ್ಲಿ ನಿಂತರೆ ಮಾಲಿನ ಬೋರ್ಡು ಓದಲು ಬರುತ್ತದೆ, ಆದರೆ ಅಲ್ಲಿಗೆ ಹೋಗಲು ಆಟೋ ಬೇಕು. ಬೆಂಗಳೂರಿನ ಎಷ್ಟೋ ಬಡಾವಣೆಗಳ ಸ್ಥಿತಿ ಇದು. ನಡುವೆ ಇರುವುದು ಹತ್ತಡಿ ಎತ್ತರದ ಒಂದು ಕಾಂಪೌಂಡು ಗೋಡೆ, ಇಲ್ಲವೇ ಮಳೆನೀರು ಹರಿಯುವ ಒಂದು ರಾಜಕಾಲುವೆ, ಇಲ್ಲವೇ ಆರು ಪಥದ ರಸ್ತೆ. ಮಾಲು, ಟೆಕ್ ಪಾರ್ಕು, ದೊಡ್ಡ ಆಸ್ಪತ್ರೆ ಕಟ್ಟುವಾಗ ಕಾರು ಎಲ್ಲಿಂದ ಒಳಗೆ ಬರಬೇಕು, ಎಲ್ಲಿಂದ ಹೊರಗೆ ಹೋಗಬೇಕು ಅಂತ ನಕ್ಷೆಯಲ್ಲಿ ಬಾಣದ ಗುರುತು ಹಾಕಿ ತೋರಿಸುತ್ತಾರೆ. ಹಿಂದಿನ ಬೀದಿಯಿಂದ ನಡೆದು ಬರುವವರಿಗಾಗಿ ಅಂಥ ಬಾಣ ಕಾಣಸಿಗುವುದು ಅಪರೂಪ.

ಹಾಗಾಗಿ ಆ ದಾರಿಯನ್ನು ನಾವು ಆಮೇಲೆ ಕೇಳಿ ಪಡೆಯಬೇಕಾಗುತ್ತದೆ. ಕೇಳುವಾಗ ಏನನ್ನು ಕೇಳಬೇಕು ಎಂಬುದೇ ಈ ಬರಹದ ವಿಷಯ. ನಿವಾಸಿಗಳ ಸಂಘದ ಸಭೆಗಳಲ್ಲಿ ಮೊದಲು ಬರುವ ಮಾತು 'ಎಂಎಲ್‌ಎ ಹತ್ತಿರ ಹೇಳಿ ಒಂದು ಸ್ಕೈವಾಕ್ ಹಾಕಿಸೋಣ ಸಾರ್' ಅಂತ. ಅದು ಎಲ್ಲರ ಕಣ್ಣಿಗೂ ಕಾಣುವ ಕೆಲಸ, ಉದ್ಘಾಟನೆಗೂ ಅನುಕೂಲ. ಆದರೆ ನಡೆಯುವವರ ಕಡೆಯಿಂದ ಲೆಕ್ಕ ಹಾಕಿದರೆ ಅದು ಪಟ್ಟಿಯ ಕೊನೆಯಲ್ಲಿ ಬರಬೇಕು. ಮೊದಲಲ್ಲಿ ಬರಬೇಕಾದದ್ದು ಗೋಡೆಯಲ್ಲಿ ನಾಲ್ಕಡಿಯ ಒಂದು ಗೇಟು. ಯಾಕೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು, ಜನ ಈಗಾಗಲೇ ಎಲ್ಲಿ ನಡೆಯುತ್ತಿದ್ದಾರೆ?

ಯಾವ ಆಯ್ಕೆ ಸರಿ ಅಂತ ಚರ್ಚಿಸುವ ಮೊದಲು ಗೋಡೆಯ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಎಲ್ಲಾದರೂ ಒಂದು ಕಡೆ ಸುಳಿವು ಸಿಕ್ಕೇ ಸಿಗುತ್ತದೆ. ನಮ್ಮ ಬಡಾವಣೆಯಲ್ಲಿ ಅದು ಒಂದು ಖಾಲಿ ಸೈಟಿನ ಮೂಲೆಯಲ್ಲಿತ್ತು. ಹಾಲೊ ಬ್ಲಾಕ್ ಗೋಡೆಯ ಮೇಲಿನ ಎರಡು ಸಾಲು ಕಿತ್ತುಹೋಗಿ, ಈ ಕಡೆ ಒಂದು ಸೈಜುಗಲ್ಲು, ಆ ಕಡೆ ಮಣ್ಣು ತುಂಬಿದ ಎರಡು ಸಿಮೆಂಟು ಚೀಲ. ಮೇಲಿನ ಅಂಚು ಕೈಯಿಟ್ಟು ಕೈಯಿಟ್ಟು ನುಣ್ಣಗಾಗಿತ್ತು. ಪಾರ್ಥೇನಿಯಂ ಗಿಡಗಳ ನಡುವೆ ಒಂದಡಿ ಅಗಲದ ದಾರಿ ಸವೆದಿತ್ತು. ಬೆಳಗ್ಗೆ ಏಳರ ಹೊತ್ತಿಗೆ ಹೌಸ್‌ಕೀಪಿಂಗ್ ಸಮವಸ್ತ್ರದ ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು, ಮೊದಲು ಊಟದ ಬ್ಯಾಗನ್ನು ಆಚೆ ಇಟ್ಟು, ಆಮೇಲೆ ತಾವು ದಾಟುತ್ತಿದ್ದರು. ಮುಂಭಾಗದ ಗೇಟಿಗೆ ಸುತ್ತಿ ಹೋಗುವುದು ಆಗದ ಮಾತು ಅಂತ ಅವರ ಕಾಲೇ ತೀರ್ಮಾನಿಸಿತ್ತು.

ಇಂಥ ಜಾಗ ಸಿಕ್ಕರೆ ಅದನ್ನು ಕಾನೂನುಬಾಹಿರ ಅಂತ ದೂರು ಕೊಟ್ಟು ಮುಚ್ಚಿಸಬೇಡಿ. ಫೋಟೊ ತೆಗೆಯಿರಿ, ಯಾರು ಯಾವ ಹೊತ್ತಿಗೆ ದಾಟುತ್ತಾರೆ ಅಂತ ಎಣಿಸಿ. ಎಣಿಕೆ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಮಾತ್ರ ಸಾಲದು. ಮಾಲಿನ ಅಂಗಡಿಗಳ ಶಟರ್ ಇಳಿದ ಮೇಲೆ, ಅಂದರೆ ರಾತ್ರಿ ಹತ್ತರಿಂದ ಹನ್ನೊಂದರ ನಡುವೆಯೂ ನಿಂತು ನೋಡಬೇಕು. ಸೇಲ್ಸ್ ಹುಡುಗಿಯರು, ಫುಡ್ ಕೋರ್ಟಿನವರು, ಸೆಕ್ಯುರಿಟಿಯವರು ಹೊರಡುವುದು ಆಗಲೇ. ಅವರಲ್ಲಿ ಅನೇಕರು ನಿಮ್ಮ ಹಿಂದಿನ ಬೀದಿಯ ಪಿಜಿಗಳಲ್ಲೇ ಇರುತ್ತಾರೆ.

ಜತೆಗೆ ಎರಡು ಅಳತೆ ಬೇಕು: ನೇರ ದೂರ ಎಷ್ಟು, ಸುತ್ತಿನ ದೂರ ಎಷ್ಟು. ಸಿಗ್ನಲ್ ಸಮಯ ಲೆಕ್ಕ ಹಾಕುವವರು ಪಾದಚಾರಿಯ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಾರೆ, ಅಂದರೆ ನಿಮಿಷಕ್ಕೆ 72 ಮೀಟರ್. 200 ಮೀಟರ್ ನೇರ ದಾರಿಗೆ ಮೂರು ನಿಮಿಷ ಸಾಕು. ಅದೇ ಜಾಗಕ್ಕೆ ಮುಖ್ಯರಸ್ತೆ ಬಳಸಿ 1.2 ಕಿ.ಮೀ. ಸುತ್ತಿದರೆ ಹದಿನೇಳು ನಿಮಿಷ. ಮೂರು ನಿಮಿಷವಾದರೆ ಯಾರೂ ಗಾಡಿ ತೆಗೆಯುವುದಿಲ್ಲ; ಹದಿನೇಳಾದರೆ ಗಾಡಿ ಇರುವವರೆಲ್ಲ ತೆಗೆಯುತ್ತಾರೆ, ಇಲ್ಲದವರು ಗೋಡೆ ಹಾರುತ್ತಾರೆ. ಮುಂದೆ ಹೇಳುವ ಎಲ್ಲ ಆಯ್ಕೆಗಳನ್ನೂ ಈ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಗೋಡೆಯಲ್ಲಿ ಗೇಟು

ಬಡಾವಣೆಗೂ ಮಾಲಿಗೂ ನಡುವೆ ಇರುವುದು ಬರೀ ಗೋಡೆಯಾಗಿದ್ದರೆ ಬೇರೆ ಯಾವ ಆಯ್ಕೆಯನ್ನೂ ಮೊದಲು ಎತ್ತಬೇಡಿ. ಇದಕ್ಕೆ ರಸ್ತೆ ಅಗೆಯಬೇಕಿಲ್ಲ, ಟೆಂಡರ್ ಬೇಕಿಲ್ಲ, ಒಂದು ವಾರದ ಗಾರೆ ಕೆಲಸ, ವೆಲ್ಡಿಂಗ್ ಕೆಲಸ ಅಷ್ಟೆ. ಬೇಕಿರುವುದು ಎರಡೂ ಕಡೆಯವರ ಒಪ್ಪಿಗೆ. ಎಲ್ಲವೂ ಅಂಟಿಕೊಳ್ಳುವುದು ಅಲ್ಲೇ.

ಮಾಲಿನವರಿಗಿಂತ ಹೆಚ್ಚಿನ ತಕರಾರು ಬಡಾವಣೆಯ ಒಳಗಿನಿಂದಲೇ ಬರುತ್ತದೆ. 'ಹೊರಗಿನವರು ಬರ್ತಾರೆ' ಎನ್ನುವುದು ಒಂದು. ಇದಕ್ಕೆ ನನ್ನ ಉತ್ತರ ನೇರ: ಆ ಹೊರಗಿನವರು ಈಗಲೂ ಬರುತ್ತಿದ್ದಾರೆ, ನಮ್ಮ ಮನೆಗಳಲ್ಲಿ ಅಡುಗೆ ಮಾಡಿ ಪಾತ್ರೆ ತೊಳೆದು ಹೋಗುತ್ತಿದ್ದಾರೆ. ದೀಪವಿರುವ, ಜನ ಓಡಾಡುವ ಗೇಟು ಕತ್ತಲೆಯ ಖಾಲಿ ಗೋಡೆಗಿಂತ ಕ್ಷೇಮ.

ಎರಡನೆಯ ತಕರಾರು ನಿಜವಾದದ್ದು, ಅದನ್ನು ತಳ್ಳಿಹಾಕಬೇಡಿ. ಮಾಲಿನಲ್ಲಿ ಪಾರ್ಕಿಂಗ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು. ಹಿಂದೆ ಗೇಟು ಇದೆ ಅಂತ ಗೊತ್ತಾದರೆ ಕಾರಿನವರು ನಿಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸಿ ಗೇಟಿನಿಂದ ಒಳಗೆ ಹೋಗುತ್ತಾರೆ. ಶನಿವಾರ ಸಂಜೆ ನಿಮ್ಮ ಮನೆ ಗೇಟಿನ ಮುಂದೆ ಯಾರದೋ ಕಾರು ನಿಂತಿರುತ್ತದೆ. ಕ್ಯಾಬಿನವರೂ ಅಲ್ಲೇ ಇಳಿಸಲು ಶುರು ಮಾಡುತ್ತಾರೆ. ಇದನ್ನು ಮೊದಲೇ ಯೋಚಿಸದ ಗೇಟುಗಳು ಕೆಲವೇ ತಿಂಗಳಲ್ಲಿ ಜಗಳಕ್ಕೆ ಕಾರಣವಾಗಿ ಮುಚ್ಚಿಹೋಗುತ್ತವೆ. ಪರಿಹಾರವಿದೆ. ಗೇಟನ್ನು ಕಾರು ಬಂದು ತಿರುಗುವ ಜಾಗದಲ್ಲಿ ಇಡದೆ, ಸಾಧ್ಯವಾದರೆ ಪಾರ್ಕಿನ ಪಕ್ಕದ ಓಣಿಯ ತುದಿಯಲ್ಲಿ ಇಡಬೇಕು. ಓಣಿಯ ಬಾಯಲ್ಲೇ ಬೊಲಾರ್ಡ್, ಅಂದರೆ ಕಾರು ನುಗ್ಗದಂತೆ ತಡೆಯುವ ಗಿಡ್ಡ ಕಂಬ, ಹಾಕಬೇಕು. ಕೊನೆಯ ನೂರು ಮೀಟರ್ ಕಾರಿನಿಂದ ಇಳಿದು ನಡೆಯಲೇಬೇಕು ಎಂದಾದರೆ ಬಿಟ್ಟಿ ಪಾರ್ಕಿಂಗಿನ ಆಸೆ ಕಮ್ಮಿಯಾಗುತ್ತದೆ. ನೋ ಪಾರ್ಕಿಂಗ್ ಬೋರ್ಡಿಗೆ ಸಂಚಾರ ಪೊಲೀಸರ ಒಪ್ಪಿಗೆ ಮೊದಲೇ ಪಡೆಯಿರಿ, ಸಂಘದವರೇ ಬರೆಸಿ ನೇತುಹಾಕಿದ ಬೋರ್ಡಿಗೆ ಬೆಲೆಯಿಲ್ಲ.

ಮೂರನೆಯದು ಟೂವೀಲರ್. ಗಾಲಿಕುರ್ಚಿ ಹೋಗಲು ಕನಿಷ್ಠ 90 ಸೆಂ.ಮೀ. ತೆರಪು ಬೇಕು. ಸ್ಕೂಟರಿನ ಹ್ಯಾಂಡಲ್ ಅದಕ್ಕಿಂತ ಕಿರಿದು, ಆರಾಮವಾಗಿ ನುಗ್ಗುತ್ತದೆ. ಡೆಲಿವರಿಯವರಿಗೆ ಒಂದೊಂದು ನಿಮಿಷವೂ ದುಡ್ಡಿನ ಲೆಕ್ಕ, ಅವರು ನುಗ್ಗದೆ ಇರಲಾರರು. ಅದಕ್ಕೆಂದು ತೆರಪನ್ನು ಒಂದೂವರೆ ಅಡಿಗೆ ಇಳಿಸಿದರೆ ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು, ತರಕಾರಿ ಟ್ರಾಲಿ ಎಳೆಯುವ ಅಜ್ಜಿ ಎಲ್ಲರೂ ಹೊರಗೆ ಉಳಿಯುತ್ತಾರೆ. ತಿರುಗುವ ಕಂಬಿಯ ಗೇಟುಗಳದ್ದೂ ಇದೇ ಕತೆ. ನನಗೆ ಸರಿ ಕಂಡದ್ದು ಎರಡು ಅಡ್ಡ ಕಂಬಿಗಳನ್ನು ಎದುರುಬದುರಾಗಿ ನಿಲ್ಲಿಸಿ, ಅಂಕುಡೊಂಕಾಗಿ ತಿರುಗಿ ಹೋಗುವಂತೆ ಮಾಡುವ ಏರ್ಪಾಡು. ಗಾಲಿಕುರ್ಚಿ ತಿರುಗಲು ಸುಮಾರು 1.5 ಮೀಟರ್ ವ್ಯಾಸದ ಜಾಗ ಸಾಕು. ಸ್ಕೂಟರಿನ ಉದ್ದ 1.8 ಮೀಟರಿನ ಆಸುಪಾಸು, ಅದನ್ನು ಅಲ್ಲಿ ತಿರುಗಿಸಬೇಕಾದರೆ ಇಳಿದು ಎತ್ತಿ ಎಳೆಯಬೇಕು. ಪೂರ್ತಿ ತಡೆಯುತ್ತದೆ ಅಂತಲ್ಲ, ಆದರೆ ದಿನಾ ಆ ಸಾಹಸ ಯಾರೂ ಮಾಡುವುದಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿ, ಒಂದು ಗಾಲಿಕುರ್ಚಿ ತರಿಸಿ ತಿರುಗಿಸಿ ನೋಡಿದ ಮೇಲೆಯೇ ಕಂಬಿ ನೆಡಿಸಿ.

ಸಮಯದ ವಿಷಯ. 'ಬೆಳಗ್ಗೆ ಆರರಿಂದ ರಾತ್ರಿ ಹತ್ತು' ಎಂದು ಬರೆದುಬಿಡುವುದು ರೂಢಿ. ಅಂಗಡಿ ಮುಚ್ಚಿ, ಬಿಲ್ಲಿಂಗ್ ಲೆಕ್ಕ ಒಪ್ಪಿಸಿ, ಬಟ್ಟೆ ಬದಲಿಸಿ ಹತ್ತೂವರೆಗೆ ಹೊರಡುವ ಹುಡುಗಿಗೆ ಹತ್ತಕ್ಕೆ ಬೀಗ ಬೀಳುವ ಗೇಟಿನಿಂದ ಏನು ಪ್ರಯೋಜನ? ಅತಿ ಹೆಚ್ಚು ಬೇಕಾದ ಹೊತ್ತಿಗೇ ಅವಳು ಮುಖ್ಯರಸ್ತೆ ಸುತ್ತಬೇಕಾಗುತ್ತದೆ. ಕನಿಷ್ಠ ಹನ್ನೊಂದೂವರೆಯವರೆಗೆ ಕೇಳಿ. ಆ ಹೊತ್ತಿಗೆ ಒಬ್ಬ ಕಾವಲುಗಾರರು ಬೇಕಾದರೆ ಸಂಬಳವನ್ನು ಮಾಲಿನವರೂ ಸಂಘದವರೂ ಹಂಚಿಕೊಳ್ಳಲಿ.

ನಿವಾಸಿಗಳಿಗೆ ಮಾತ್ರ ಕಾರ್ಡು ಕೊಡುವ ಏರ್ಪಾಡನ್ನು ಕೆಲವರು ಇಷ್ಟಪಡುತ್ತಾರೆ. ನಾನು ವಿರೋಧಿಸುತ್ತೇನೆ. ಕಾರ್ಡು ಇರುವವರ ಮನೆಯಲ್ಲಿ ಗಾಡಿಯೂ ಇರುತ್ತದೆ. ಆ ದಾರಿ ನಿಜವಾಗಿ ಬೇಕಿರುವವರ ಹತ್ತಿರ ಕಾರ್ಡು ಇರುವುದಿಲ್ಲ. ಬೇರೆ ದಾರಿಯೇ ಇಲ್ಲ ಅನ್ನುವಾಗ ಕಾರ್ಡಿನ ಗೇಟಾದರೂ ಆಗಲಿ, ಆದರೆ ಮನೆಕೆಲಸದವರಿಗೂ ಮಾಲಿನ ನೌಕರರಿಗೂ ಅದೇ ಕಾರ್ಡು ಕೊಡಬೇಕು ಎಂಬ ಷರತ್ತು ಹಾಕಿ.

ಮಾಲಿನವರ ಕಡೆಯಿಂದ ಬರುವ ಆಕ್ಷೇಪ ಸಾಮಾನ್ಯವಾಗಿ ಅಗ್ನಿಶಾಮಕದ್ದು. ಕಟ್ಟಡದ ಸುತ್ತ ಬಿಟ್ಟ ಜಾಗ ಫೈರ್ ಎಂಜಿನ್ ಓಡಾಡಲು ಮೀಸಲು, ಅಲ್ಲಿ ಏನನ್ನೂ ಕಟ್ಟುವಂತಿಲ್ಲ ಅನ್ನುತ್ತಾರೆ. ಮಾತು ಸರಿ. ಆದರೆ ಜನ ಆ ಜಾಗ ದಾಟಿ ನಡೆಯಲು ಏನೂ ಕಟ್ಟಬೇಕಿಲ್ಲ. ನೆಲದ ಮೇಲೆ ಬಣ್ಣದ ಪಟ್ಟಿ ಸಾಕು. ಅವರಿಗೆ ಮನದಟ್ಟು ಮಾಡಬೇಕಾದ ಇನ್ನೊಂದು ಮಾತಿದೆ. ನಡೆದು ಬರುವ ಪ್ರತಿ ಗಿರಾಕಿಯೂ ಮುಖ್ಯರಸ್ತೆಯ ಕ್ಯೂನಲ್ಲಿ ಒಂದು ಗಾಡಿ ಕಮ್ಮಿ. ಬ್ಯಾಟರಾಯನಪುರದಲ್ಲಿ 2023ರ ಅಕ್ಟೋಬರ್‌ನಲ್ಲಿ ಮಾಲ್ ಆಫ್ ಏಷ್ಯಾ ತೆರೆದ ಮೇಲೆ ಬಳ್ಳಾರಿ ರಸ್ತೆಯ ದಟ್ಟಣೆ ಎಷ್ಟು ದೊಡ್ಡ ವಿಷಯವಾಯಿತೆಂದರೆ, ಆ ವರ್ಷಾಂತ್ಯಕ್ಕೆ ಪೊಲೀಸರು ಸಾರ್ವಜನಿಕರ ಪ್ರವೇಶಕ್ಕೇ ನಿರ್ಬಂಧದ ಆದೇಶ ಹೊರಡಿಸಿದ್ದರು. ಕಾರುಗಳನ್ನೇ ನಂಬಿ ಕೂತರೆ ವ್ಯಾಪಾರಕ್ಕೂ ಕಷ್ಟ.

ಒಪ್ಪಿಗೆ ಸಿಕ್ಕರೆ ಬಾಯಿಮಾತಿಗೆ ಬಿಡಬೇಡಿ. ಮ್ಯಾನೇಜರ್ ಬದಲಾದರೆ, ಸಂಘದ ಪದಾಧಿಕಾರಿಗಳು ಬದಲಾದರೆ ಬಾಯಿಮಾತಿನ ಗೇಟಿಗೆ ಬೀಗ ಬೀಳುತ್ತದೆ. 2020ರ ಲಾಕ್‌ಡೌನಿನಲ್ಲಿ ನಮ್ಮ ಕಡೆ 'ತಾತ್ಕಾಲಿಕ' ಅಂತ ಮುಚ್ಚಿದ ಹಿಂಬಾಗಿಲುಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ. ಸಾಮಾನ್ಯ ಅನುಮತಿ ಪತ್ರವನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಓಡಾಟದ ಹಕ್ಕನ್ನು ಕೊಡುವ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಅದು ಆಸ್ತಿಯ ಜತೆಗೇ ಸಾಗುತ್ತದೆ, ಮಾಲೀಕರು ಬದಲಾದರೂ ಉಳಿಯುತ್ತದೆ.

ಹಳೇ ಕಾಲುದಾರಿ ಗೋಡೆಯ ಕೆಳಗೇ ಇರಬಹುದು

ಗೇಟು ಕೇಳುವ ಮೊದಲೋ ಜತೆಗೋ ಮಾಡಬೇಕಾದ ಒಂದು ಕೆಲಸವಿದೆ, ಬಹಳ ಜನ ಮಾಡುವುದಿಲ್ಲ. ಹಳ್ಳಿಯ ನಕಾಶೆ ನೋಡುವುದು. ಬೆಳ್ಳಂದೂರು, ನಾಗವಾರ, ಹೂಡಿ, ದೊಡ್ಡನೆಕ್ಕುಂದಿ, ಪಟ್ಟಂದೂರು ಅಗ್ರಹಾರ ಇವೆಲ್ಲ ಮೊದಲು ಹಳ್ಳಿಗಳು. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳಲ್ಲಿ ಸರ್ವೆ ನಂಬರುಗಳ ನಡುವೆ ಕಾಲುದಾರಿ, ಬಂಡಿದಾರಿ, ಹಳ್ಳಗಳ ಗೆರೆಗಳಿವೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಫೋನಿನಲ್ಲೇ ಸರ್ವೆ ನಂಬರಿನ ಗೆರೆಗಳನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಬಹುದು. ನಕಾಶೆಯ ದಾರಿಯೊಂದು ಟೆಕ್ ಪಾರ್ಕಿನ ಕಾಂಪೌಂಡಿನೊಳಗೆ ಹೊಕ್ಕು ಆಚೆ ಹೊರಬರುವುದು ಕಂಡರೆ ನಿಮ್ಮ ಮಾತಿನ ಧಾಟಿಯೇ ಬದಲಾಗುತ್ತದೆ. ಆಗ ನೀವು ಅನುಕೂಲ ಮಾಡಿಕೊಡಿ ಎಂದು ಬೇಡುವ ಅಗತ್ಯ ಬೀಳುವುದಿಲ್ಲ. ಇದ್ದ ಸಾರ್ವಜನಿಕ ದಾರಿ ಬಿಡಿ ಅಂತ ತಹಶೀಲ್ದಾರರಿಗೆ ಅರ್ಜಿ ಹಾಕಿ ಅಳತೆ ಮಾಡಿಸಬಹುದು.

ನಕಾಶೆಯಲ್ಲಿ ಇಲ್ಲದ ದಾರಿಗೂ ಒಂದು ಆಸರೆ ಇದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಬೇರೆಯವರ ಜಾಗದ ಮೂಲಕ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂಬಂತೆ ಓಡಾಡಿದ್ದರೆ ಓಡಾಟದ ಹಕ್ಕು ಹುಟ್ಟುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. ಇದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅನುಮತಿ ಪಡೆದು ಓಡಾಡಿದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಹಳಬರ ಹೇಳಿಕೆ, ಹಳೇ ಫೋಟೊಗಳನ್ನು ಈಗಲೇ ಜೋಡಿಸಿಟ್ಟುಕೊಳ್ಳಿ.

ಉಲ್ಟಾ ಸಮಸ್ಯೆಯೂ ಇದೆ: ಬಡಾವಣೆಯವರೇ ತಮ್ಮ ರಸ್ತೆಗೆ ಗೇಟು ಹಾಕಿ ಪಕ್ಕದ ಹಳ್ಳಿಯವರನ್ನು ತಡೆಯುವುದು. ನಕ್ಷೆ ಮಂಜೂರಾಗುವಾಗ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಮೇಲೆ ಅವು ಸಾರ್ವಜನಿಕರದ್ದು. ಹಾಗೆ ಬಿಟ್ಟುಕೊಟ್ಟ ರಸ್ತೆಯಲ್ಲಿ ಹೊರಗಿನವರನ್ನು ತಡೆಯುವಂತಿಲ್ಲ ಅಂತ ಕರ್ನಾಟಕ ಹೈಕೋರ್ಟ್ ಹೇಳಿದೆ. ಮಾಲಿನವರ ಗೋಡೆಯ ಬಗ್ಗೆ ದೂರುವ ಮೊದಲು ನಮ್ಮ ಗೇಟನ್ನೂ ನೋಡಿಕೊಳ್ಳುವುದು ನ್ಯಾಯ.

ಮುಖ್ಯರಸ್ತೆಯ ಫುಟ್‌ಪಾತ್ ಸರಿಪಡಿಸುವುದು

ಸುತ್ತಿನ ದಾರಿ ಐನೂರು ಮೀಟರಿನೊಳಗೆ ಇದ್ದರೆ, ಗೇಟಿಗೆ ಒಪ್ಪಿಗೆ ಸಿಗದಿದ್ದರೆ, ಇದು ಮುಂದಿನ ಆಯ್ಕೆ. ಭಾರತೀಯ ರಸ್ತೆ ಕಾಂಗ್ರೆಸ್ ಹೊರತಂದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಕನಿಷ್ಠ 1.8 ಮೀಟರ್ ಅಗಲ ಮತ್ತು 2.2 ಮೀಟರ್ ಎತ್ತರದ ಅಡೆತಡೆಯಿಲ್ಲದ ಜಾಗ ಕೇಳುತ್ತದೆ. ಅಂಚಿನ ಕರ್ಬ್ ಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದು. ಟೇಪು ಹಿಡಿದು ನಿಮ್ಮ ರಸ್ತೆಯಲ್ಲಿ ಅಳೆಯಿರಿ. ಮೋರಿಯ ಮೇಲೆ ಹಾಸಿದ ಚಪ್ಪಡಿಯೇ ಫುಟ್‌ಪಾತ್ ಆಗಿರುವ ಕಡೆ ಅಗಲ ಮೂರಡಿ ಸಿಕ್ಕರೆ ಹೆಚ್ಚು, ಅದರ ನಡುವೆ ಒಂದು ಟ್ರಾನ್ಸ್‌ಫಾರ್ಮರ್, ಒಂದು ಕೇಬಲ್ ಸುರುಳಿ.

ಹೆಚ್ಚು ನೋವು ಕೊಡುವುದು ಪ್ರವೇಶದ್ವಾರಗಳು. ಮಾಲಿನ ಕಾರು ಒಳಬರುವ ಕಡೆ, ಹೊರಹೋಗುವ ಕಡೆ, ಪೆಟ್ರೋಲ್ ಬಂಕಿನ ಎರಡೂ ತುದಿಗಳಲ್ಲಿ ಫುಟ್‌ಪಾತನ್ನು ಕತ್ತರಿಸಿ ರಸ್ತೆಯ ಮಟ್ಟಕ್ಕೆ ಇಳಿಸುತ್ತಾರೆ. ನಡೆಯುವವರು ಇಳಿದು ಹತ್ತಿ ಇಳಿದು ಹತ್ತಿ ಸೋಲುತ್ತಾರೆ, ಮೊಣಕಾಲು ನೋವಿನವರು ರಸ್ತೆಯ ಅಂಚಿಗೇ ಇಳಿದುಬಿಡುತ್ತಾರೆ. ಆ ಕಡೆ ಫುಟ್‌ಪಾತ್ ಅದೇ ಎತ್ತರದಲ್ಲಿ ಮುಂದುವರಿದು, ಕಾರುಗಳೇ ಸಣ್ಣ ಇಳಿಜಾರು ಹತ್ತಿ ಇಳಿಯಬೇಕು. ಎಲ್ಲ ಕಡೆ ಹೊಸ ಫುಟ್‌ಪಾತ್ ಕೇಳುವುದಕ್ಕಿಂತ ಈ ನಾಲ್ಕೈದು ಬಾಯಿಗಳನ್ನು ಸರಿಪಡಿಸಿ ಅಂತ ಕೇಳಿದರೆ ಬೇಗ ಆಗುತ್ತದೆ, ಖರ್ಚೂ ಕಮ್ಮಿ.

ಟೆಂಡರ್‌ಶ್ಯೂರ್ ಮಾದರಿಯ ರಸ್ತೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲವನ್ನೂ ಮೊದಲೇ ಕೆಳಗೆ ವ್ಯವಸ್ಥೆ ಮಾಡಿ ಮೇಲೆ ಅಗಲವಾದ ಫುಟ್‌ಪಾತ್ ಹಾಸಿದರು. ಮೇಲಿಂದ ಮೇಲೆ ಅಗೆಯದಿರಲಿ ಎಂಬುದೇ ಅದರ ತಿರುಳು. ಆದರೆ ಅದಕ್ಕೆ ಕೋಟಿಗಟ್ಟಲೆ ಹಣ, ವರ್ಷಗಟ್ಟಲೆ ಸಮಯ ಬೇಕು. ಒಂದು ಮಾಲಿಗೆ ದಾರಿ ಬೇಕು ಅಂತ ಅದನ್ನು ಕಾಯುತ್ತ ಕೂರಲಾಗದು.

ಒಂದು ಮಾತು ಬೀದಿ ವ್ಯಾಪಾರಿಗಳ ಬಗ್ಗೆ. ಫುಟ್‌ಪಾತ್ ಅಂದ ಕೂಡಲೇ ಅವರನ್ನು ಎಬ್ಬಿಸಿ ಅನ್ನುವವರಿದ್ದಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ರಾತ್ರಿ ಒಂಬತ್ತೂವರೆಗೆ ಎಳನೀರಿನವರ, ಹೂವಿನವರ ದೀಪ ಉರಿಯುತ್ತಿದ್ದರೆ ಆ ದಾರಿಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. 1.8 ಮೀಟರ್ ಬಿಟ್ಟು ಅವರಿಗೆ ಜಾಗ ಗುರುತಿಸಿಕೊಡಿ ಅಂತ ಕೇಳಿ.

ರಸ್ತೆ ದಾಟಬೇಕಾದರೆ: ನೆಲದ ಮೇಲೋ, ತಲೆಯ ಮೇಲೋ?

ಮಾಲು ರಸ್ತೆಯ ಆಚೆ ಇದ್ದರೆ ಗೇಟು, ಫುಟ್‌ಪಾತ್ ಎರಡೂ ಇದ್ದರೂ ನಡುವಿನ ಇಪ್ಪತ್ತೈದು ಮೀಟರೇ ಪ್ರಶ್ನೆ.

ಸ್ಕೈವಾಕನ್ನು ಕಾಲಿನ ಲೆಕ್ಕದಲ್ಲಿ ನೋಡೋಣ. ಕೆಳಗೆ ಲಾರಿ, ಬಸ್ಸು ಹೋಗಲು 5.5 ಮೀಟರ್ ತೆರಪು ಬೇಕು. ತೊಲೆಯ ದಪ್ಪವೂ ಸೇರಿ ನಡೆಯುವ ಮಟ್ಟ ಆರು ಮೀಟರ್ ದಾಟುತ್ತದೆ. 15 ಸೆಂ.ಮೀ.ನ ಮೆಟ್ಟಿಲಾದರೆ ಹತ್ತಲು ನಲವತ್ತು, ಇಳಿಯಲು ನಲವತ್ತು. ದಿನಸಿ ಚೀಲ ಹಿಡಿದ ಅರವತ್ತೈದರ ಹೆಂಗಸು, ಬಸುರಿ, ಮಗು ಎತ್ತಿಕೊಂಡವರು ಇವರಿಗೆಲ್ಲ ಎಂಬತ್ತು ಮೆಟ್ಟಿಲು. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರಿನ ರ‍್ಯಾಂಪ್ ಹಾಕಲು ಹೋದರೆ ಒಂದೊಂದು ಕಡೆ 72 ಮೀಟರ್ ಉದ್ದ ಬೇಕು, ನಡುವೆ ನಿಲ್ಲುವ ಸಮತಟ್ಟು ಜಾಗ ಬೇರೆ. ಅಷ್ಟು ಜಾಗ ನಮ್ಮ ರಸ್ತೆಗಳಲ್ಲಿ ಎಲ್ಲಿದೆ? ಆದ್ದರಿಂದ ಲಿಫ್ಟ್ ಹಾಕುತ್ತಾರೆ. ಲಿಫ್ಟ್ ಕೆಟ್ಟ ದಿನ, ಕರೆಂಟು ಹೋದ ಹೊತ್ತು ಸ್ಕೈವಾಕ್ ಇದ್ದೂ ಇಲ್ಲ. ನಗರದ ಹಲವು ಸ್ಕೈವಾಕ್‌ಗಳನ್ನು ಜಾಹೀರಾತಿನ ಆದಾಯದ ಮೇಲೆ ಖಾಸಗಿಯವರಿಂದ ಕಟ್ಟಿಸಲಾಗಿದೆ. ಹಾಗಾದಾಗ ಜಾಹೀರಾತು ಚೆನ್ನಾಗಿ ಕಾಣುವ ಕಡೆ ಸೇತುವೆ ಏಳುವ ಅಪಾಯವಿದೆ. ಜನ ದಾಟುವ ಜಾಗ ಅದರಿಂದ ಇನ್ನೂರು ಮೀಟರ್ ಆಚೆ ಇರಬಹುದು.

ನೆಲಮಟ್ಟದ ದಾಟುವಿಕೆಯ ಲೆಕ್ಕ ಹೀಗಿದೆ. 24 ಮೀಟರ್ ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರಿನಂತೆ ದಾಟಲು 20 ಸೆಕೆಂಡು. ನಡುವೆ ಮೀಡಿಯನ್‌ನಲ್ಲಿ ನಿಲ್ಲಲು ಅಗಲವಾದ ಜಾಗ ಕೊಟ್ಟರೆ ಹತ್ತು ಹತ್ತು ಸೆಕೆಂಡಿನ ಎರಡು ಭಾಗ. ನಿಧಾನವಾಗಿ ನಡೆಯುವವರಿಗೆ ಇನ್ನೊಂದಷ್ಟು ಸೇರಿಸಬೇಕು. ಗುಂಡಿ ಒತ್ತಿದರೆ ಕೆಂಪು ಬರುವ ಪೆಲಿಕನ್ ಸಿಗ್ನಲ್ ಇದಕ್ಕೆ ಸಾಕು. ಗುಂಡಿ ಕೆಲಸ ಮಾಡದಿರುವುದು, ಒತ್ತಿದ ಮೇಲೆ ಎರಡು ಮೂರು ನಿಮಿಷ ಕಾಯಿಸುವುದು, ಕೆಂಪು ಬಿದ್ದರೂ ಬೈಕುಗಳು ನಿಲ್ಲದಿರುವುದು, ಈ ಮೂರೂ ದೋಷ ನಿಜ. ಬಹಳ ಹೊತ್ತು ಕಾಯಿಸಿದರೆ ಜನ ಸಿಗ್ನಲ್ ಬಿಟ್ಟು ನುಗ್ಗುತ್ತಾರೆ. ಕಾಯುವ ಹೊತ್ತು ಒಂದು ನಿಮಿಷದೊಳಗೆ ಇರಲಿ ಅಂತ ಸಂಚಾರ ಪೊಲೀಸರಿಗೆ ಬರೆದು ಕೊಡಿ.

ಎರಡು ಅಥವಾ ನಾಲ್ಕು ಪಥದ ಒಳರಸ್ತೆಯಾದರೆ ಸಿಗ್ನಲ್ಲೂ ಬೇಡ, ಉಬ್ಬಿದ ಕ್ರಾಸಿಂಗ್ ಸಾಕು. ಫುಟ್‌ಪಾತಿನ ಎತ್ತರಕ್ಕೇ ರಸ್ತೆಯನ್ನು ಉಬ್ಬಿಸಿ, ಮೇಲೆ ಅಗಲವಾಗಿ ಸಮತಟ್ಟು ಮಾಡಿ, ಝೀಬ್ರಾ ಪಟ್ಟಿ ಬಳಿಯುವುದು. ನಮ್ಮಲ್ಲಿ ರಾತ್ರೋರಾತ್ರಿ ಸುರಿಯುವ ಚೂಪು ರೋಡ್ ಹಂಪ್‌ಗೂ ಇದಕ್ಕೂ ಬಹಳ ವ್ಯತ್ಯಾಸ. ಎರಡೂ ಬದಿಯ ಇಳಿಜಾರು ಹದವಾಗಿದ್ದರೆ ಬೆನ್ನುನೋವಿನ ಸ್ಕೂಟರ್ ಸವಾರರಿಗೂ ತೊಂದರೆಯಿಲ್ಲ, ಗಾಡಿಗಳ ವೇಗ ಮಾತ್ರ ಇಳಿಯುತ್ತದೆ. ಇಳಿಯಲೇಬೇಕು. ಗುದ್ದುವ ವೇಗ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ನಡೆಯುವವರ ಜೀವಾಪಾಯ ಸರಸರನೆ ಏರುತ್ತದೆ.

ಹಾಗಾದರೆ ಸ್ಕೈವಾಕ್ ಎಲ್ಲಿ ಸರಿ? ಬಳ್ಳಾರಿ ರಸ್ತೆಯಂತೆ, ಹೊಸೂರು ರಸ್ತೆಯಂತೆ ಗಾಡಿಗಳು ವೇಗವಾಗಿ ಓಡುವ, ಎರಡೂ ಕಡೆ ಸರ್ವಿಸ್ ರಸ್ತೆ ಇರುವ, ಸಿಗ್ನಲ್ಲಿಗೆ ಪೊಲೀಸರು ಒಪ್ಪದ ಹೆದ್ದಾರಿಗಳಲ್ಲಿ. ಅಲ್ಲಿ ಕೇಳಲೇಬೇಕು, ಆದರೆ ಲಿಫ್ಟ್ ನಿರ್ವಹಣೆ ಯಾರದ್ದು, ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ, ರಾತ್ರಿ ದೀಪದ ಬಿಲ್ಲು ಯಾರು ಕಟ್ಟುತ್ತಾರೆ ಅನ್ನುವುದು ಒಪ್ಪಂದದಲ್ಲಿ ಬರಬೇಕು. ಮಾಲಿನ ಮೊದಲ ಮಹಡಿಗೇ ಸೇತುವೆ ಸೇರಿಸುವಂತಿದ್ದರೆ ಒಂದು ಕಡೆಯ ನಲವತ್ತು ಮೆಟ್ಟಿಲು ಉಳಿಯುತ್ತದೆ. ಮಾಲಿನವರೇ ಖರ್ಚು ಕೊಡಲು ಮುಂದೆ ಬರಬಹುದು.

ನೆಲದ ಕೆಳಗಿನ ಸಬ್‌ವೇ ಹತ್ತುವುದು ಕಮ್ಮಿ, ಆದರೆ ಮಳೆನೀರು, ಕತ್ತಲೆ, ದುರ್ವಾಸನೆ ಮೂರನ್ನೂ ಗೆಲ್ಲಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ನಡುವಿನ ಸಬ್‌ವೇ ನಡೆಯುತ್ತಿರುವುದು ಅಲ್ಲಿ ದಿನವಿಡೀ ಸಾವಿರಾರು ಜನ ಇರುವುದರಿಂದ. ಬಡಾವಣೆಯೊಂದರ ಪಕ್ಕ ಮಧ್ಯಾಹ್ನ ಮೂರಕ್ಕೆ ಒಬ್ಬರೇ ಇಳಿಯಬೇಕಾದ ಸಬ್‌ವೇ ಕೇಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ರಾಜಕಾಲುವೆಯ ದಂಡೆ

ಬಡಾವಣೆಗೂ ಟೆಕ್ ಪಾರ್ಕಿಗೂ ನಡುವೆ ರಾಜಕಾಲುವೆ ಹರಿಯುವ ಕಡೆ ಈ ಆಯ್ಕೆ ಬರುತ್ತದೆ. ನಗರದ 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ರಾಜಕಾಲುವೆಯ ಪಕ್ಕ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಮೀಸಲು ಜಾಗ ಬಿಡಬೇಕೆಂದಿದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು ಹೆಚ್ಚಿಸಿದ್ದರೂ 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ತೆಗೆದುಹಾಕಿತು. ಅಂದರೆ ಕಾಗದದ ಮೇಲೆ ಜಾಗ ಇದೆ, ಒತ್ತುವರಿಯಾಗದೆ ಉಳಿದಿದ್ದರೆ ನಡೆಯುವ ದಾರಿಗೆ ಹೇಳಿಮಾಡಿಸಿದ್ದು. ಕೋರಮಂಗಲ ಕಣಿವೆಯ ಕಾಲುವೆಯನ್ನು ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಯ ಕಡೆಗೆ ಸರಿಪಡಿಸಿ, ದಂಡೆಯಲ್ಲಿ ನಡಿಗೆಯ ದಾರಿ ಮಾಡುವ ಕೆ-100 ಯೋಜನೆ ಇದರ ದೊಡ್ಡ ಮಾದರಿ.

ಸಣ್ಣದಾಗಿ ಬೇಕಿದ್ದರೆ ಕಾಲುವೆಯ ಮೇಲೆ ಒಂದು ಕಾಲುಸೇತುವೆ ಸಾಕು. ಕಂಬ ನೀರಿನಲ್ಲಿ ಊರದಂತೆ, ದಡದಿಂದ ದಡಕ್ಕೆ ಒಂದೇ ಹಾಸಿನಲ್ಲಿ ಇರಬೇಕು. ಕಂಬಕ್ಕೆ ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಮಳೆಗಾಲದಲ್ಲಿ ನೀರು ಹಿಂದಕ್ಕೆ ಒತ್ತಿ ಮನೆಗಳಿಗೆ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇಕೊಸ್ಪೇಸ್ ಟೆಕ್ ಪಾರ್ಕಿನ ಸುತ್ತ ಹೊರವರ್ತುಲ ರಸ್ತೆ ಮುಳುಗಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಕಾಲುವೆಯ ಕಡೆ ಗಟ್ಟಿ ಕಂಬಿ, ನೀರಿನ ಮಟ್ಟ ತೋರಿಸುವ ಗುರುತು, ಜೋರು ಮಳೆಯಲ್ಲಿ ಮುಚ್ಚಲು ಎರಡೂ ತುದಿಯಲ್ಲಿ ಗೇಟು ಇಲ್ಲದ ದಂಡೆಯ ದಾರಿಯನ್ನು ಮಕ್ಕಳಿಗೆ ತೆರೆಯಬೇಡಿ. ವಾಸನೆಯ ವಿಷಯ, ಒಳಚರಂಡಿ ನೀರು ಕಾಲುವೆಗೆ ಬೀಳುವುದು ನಿಲ್ಲುವವರೆಗೆ ಇರುತ್ತದೆ.

ಮೆಟ್ರೊ ನಿಲ್ದಾಣವೇ ಸೇತುವೆಯಾದರೆ

ಎತ್ತರದ ಮೆಟ್ರೊ ನಿಲ್ದಾಣ ಹತ್ತಿರದಲ್ಲಿದ್ದರೆ ಹೊಸ ಸ್ಕೈವಾಕ್ ಕೇಳುವ ಮೊದಲು ಅಲ್ಲಿಗೆ ಹೋಗಿ ನೋಡಿ. ರಸ್ತೆಯ ಎರಡೂ ಕಡೆ ಬಾಗಿಲು ಇದ್ದು, ಟಿಕೆಟ್ ಗೇಟಿನ ಹೊರಗಿನ ಮಹಡಿ ಆಚೀಚೆ ಕೂಡಿಕೊಂಡಿದ್ದರೆ ಟಿಕೆಟ್ ಇಲ್ಲದೆಯೂ ದಾಟಬಹುದು. ಲಿಫ್ಟ್, ಎಸ್ಕಲೇಟರ್, ದೀಪ, ಕಾವಲು ಎಲ್ಲ ಅಲ್ಲೇ ಇರುತ್ತದೆ. 2014ರಲ್ಲಿ ತೆರೆದ ಸಂಪಿಗೆ ರಸ್ತೆಯ ನಿಲ್ದಾಣದಿಂದ ಪಕ್ಕದ ಮಾಲಿಗೆ ನೇರ ದಾರಿಯೇ ಇದೆ. 2023ರಲ್ಲಿ ಶುರುವಾದ ವೈಟ್‌ಫೀಲ್ಡ್ ಮಾರ್ಗ, 2025ರ ಆಗಸ್ಟ್‌ನಲ್ಲಿ ಶುರುವಾದ ಬೊಮ್ಮಸಂದ್ರದ ಹಳದಿ ಮಾರ್ಗ ಎರಡೂ ದೊಡ್ಡ ಕಚೇರಿಗಳ ಎದುರೇ ಸಾಗುತ್ತವೆ. ಕೊರತೆ ಒಂದೇ: ರೈಲು ನಿಂತ ಮೇಲೆ ಬಾಗಿಲು ಮುಚ್ಚುತ್ತಾರೆ. ತಡರಾತ್ರಿಗೆ ಕೆಳಗೊಂದು ಸಿಗ್ನಲ್ ಬೇಕೇ ಬೇಕು.

ಮಾಲಿನವರು ಗೇಟಿಗೆ ಬದಲು 'ಶಟಲ್ ಬಿಡುತ್ತೇವೆ' ಅಂದರೆ ಒಪ್ಪಿಕೊಂಡು ಸುಮ್ಮನಾಗಬೇಡಿ. ಅರ್ಧ ಗಂಟೆಗೊಮ್ಮೆ ಬರುವ ವ್ಯಾನು ಮೂರು ನಿಮಿಷದ ನಡಿಗೆಗೆ ಸಾಟಿಯಾಗದು, ಗಿರಾಕಿ ಕಮ್ಮಿ ಅಂತ ಯಾವಾಗ ಬೇಕಾದರೂ ನಿಲ್ಲಿಸುತ್ತಾರೆ.

ಯಾರ ಬಾಗಿಲು ತಟ್ಟಬೇಕು

ಗೋಡೆ, ಗೇಟು ಅಂದರೆ ಮೊದಲು ಮಾಲೀಕರು, ಆಮೇಲೆ ತಹಶೀಲ್ದಾರರು. ಫುಟ್‌ಪಾತ್, ಒಳರಸ್ತೆ, ಉಬ್ಬಿದ ಕ್ರಾಸಿಂಗ್ ನಿಮ್ಮ ಪಾಲಿಕೆಯದ್ದು. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆಗಳು, ನಿಮ್ಮ ರಸ್ತೆ ಯಾವುದಕ್ಕೆ ಸೇರಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಗಡಿಯಲ್ಲಿರುವ ಬಡಾವಣೆಗಳಲ್ಲಿ ಗೋಡೆಯ ಈಚೆ ಒಂದು ಪಾಲಿಕೆ, ಆಚೆ ಇನ್ನೊಂದು ಆಗಿರಬಹುದು. ಸಿಗ್ನಲ್ ಮತ್ತು ನೋ ಪಾರ್ಕಿಂಗ್ ಸಂಚಾರ ಪೊಲೀಸರದ್ದು. ಹೆದ್ದಾರಿಯಾದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ರಾಜಕಾಲುವೆಗೆ ಪಾಲಿಕೆಯ ಮಳೆನೀರು ಕಾಲುವೆ ವಿಭಾಗ. ಸಣ್ಣಪುಟ್ಟ ದೂರುಗಳಿಗೆ ಸಹಾಯವಾಣಿ 1533 ಇದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಅರ್ಜಿಯ ಮೊದಲ ಪ್ಯಾರಾದಲ್ಲೇ ಒಂದು ಸಾಲು ಸೇರಿಸಿ: 2025ರ ಮೇ 14ರಂದು ಸುಪ್ರೀಂ ಕೋರ್ಟ್, ಪಾದಚಾರಿಗಳಿಗೆ ಸರಿಯಾದ ಫುಟ್‌ಪಾತ್ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದಿದೆ. ಎರಡನೆಯ ಪ್ಯಾರಾದಲ್ಲಿ ನೇರ ದೂರ, ಸುತ್ತಿನ ದೂರ, ಬೆಳಗ್ಗೆಯ ಮತ್ತು ರಾತ್ರಿಯ ಎಣಿಕೆ. ಸವೆದ ದಾರಿಯ ಫೋಟೊ, ದಿಶಾಂಕ್‌ನ ಚಿತ್ರ ಜತೆಗಿಡಿ. ಸಹಿಯ ಹಾಳೆಯಲ್ಲಿ ಮನೆ ಮಾಲೀಕರ ಹೆಸರುಗಳಷ್ಟೇ ಇರದೆ ಆ ಗೋಡೆ ದಾಟುವ ಹೌಸ್‌ಕೀಪಿಂಗಿನವರ, ಅಂಗಡಿ ಹುಡುಗಿಯರ, ಪಿಜಿಯವರ ಸಹಿಯೂ ಇರಲಿ. ಅವರು ಸಿಗುವುದು ರಾತ್ರಿ ಹತ್ತೂವರೆಗೆ. ಹಾಳೆ, ಪೆನ್ನು, ಟಾರ್ಚು ಹಿಡಿದು ಆ ಹೊತ್ತಿಗೇ ಹೋಗಿ.